ಮೆಲ್ಲಗೆ ಊದಿ ನೋಡಿ: ಜಾಝ್ ನುಡಿಸಲು ಕಾರ್ನೆಟ್ ಆರಿಸುವುದು

(ಕೋಲಾರದಲ್ಲಿ ಬ್ಯಾಂಡ್‌ಸೆಟ್ ವಾದಕರಿಗೂ ಹೊಸದಾಗಿ ಜಾಝ್ ಕಲಿಯುತ್ತಿರುವವರಿಗೂ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದೆ.)

ಕಾರ್ನೆಟ್, ಅಂದರೆ ಟ್ರಂಪೆಟ್ ಜಾತಿಯ ಹಿತ್ತಾಳೆಯ ಊದುವಾದ್ಯ, ಕೈಗೆ ಬಂದ ತಕ್ಷಣ ನಮ್ಮ ಕಡೆಯವರು ಮಾಡುವ ಮೊದಲ ಕೆಲಸವೇನು? ಎದೆ ತುಂಬ ಉಸಿರೆಳೆದು, ದಿಬ್ಬಣದ ಮುಂದೆ ನಿಂತ ಹಾಗೆ ಜೋರಾಗಿ ಊದಿಬಿಡುವುದು. ಶಬ್ದ ಎದುರು ಗೋಡೆಗೆ ಬಡಿದು ವಾಪಸ್ ಬಂದರೆ ‘ಭರ್ಜರಿ ಪೀಸು’ ಅಂತ ಅಡ್ವಾನ್ಸ್ ಕೊಟ್ಟು ಬರುವುದು. ಮದುವೆ ಮೆರವಣಿಗೆಗೆ ಅಷ್ಟು ಸಾಕು. ಜಾಝ್‌ಗೆ ಬೇಕಾದ್ದು ಆ ಪರೀಕ್ಷೆಯಲ್ಲಿ ಒಂದೂ ತಿಳಿಯುವುದಿಲ್ಲ. ಸವೆದ ವಾಲ್ವ್ (ಬೆರಳಲ್ಲಿ ಒತ್ತಿ ಸ್ವರ ಬದಲಿಸುವ ಗುಂಡಿ), ಸೋರುವ ಕಾರ್ಕ್, ಹೊಂದದ ಮೌತ್‌ಪೀಸ್ (ತುಟಿಗಿಟ್ಟು ಊದುವ ಬಟ್ಟಲು), ಎಲ್ಲವೂ ಗಾಳಿಯ ರಭಸದಲ್ಲಿ ಮುಚ್ಚಿಹೋಗುತ್ತವೆ. ಮೆಲ್ಲಗೆ ಊದಿದಾಗ ಮಾತ್ರ ವಾದ್ಯ ತನ್ನ ಬಣ್ಣ ಬಿಟ್ಟುಕೊಡುತ್ತದೆ.

ಮೊದಲು ಕಾರ್ನೆಟ್ ಅಂದರೇನು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ರಂಪೆಟ್ಟೂ ಕಾರ್ನೆಟ್ಟೂ ಸಾಮಾನ್ಯವಾಗಿ ಬಿ ಫ್ಲ್ಯಾಟ್ ವಾದ್ಯಗಳೇ, ಅಂದರೆ ಸಿ ಎಂದು ಬರೆದದ್ದನ್ನು ಊದಿದರೆ ಬಿ ಫ್ಲ್ಯಾಟ್ ಕೇಳುತ್ತದೆ. ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದರೆ ಎರಡರ ಕೊಳವೆಯೂ ಸುಮಾರು 140 ಸೆಂಟಿಮೀಟರ್. ವ್ಯತ್ಯಾಸ ಇರುವುದು ಕೊಳವೆ ಅಗಲವಾಗುವ ರೀತಿಯಲ್ಲಿ. ಟ್ರಂಪೆಟ್‌ನ ಕೊಳವೆ ಬಹುಪಾಲು ಒಂದೇ ಅಗಲವಿದ್ದು, ಬೆಲ್, ಅಂದರೆ ತುದಿಯ ಅಗಲ ಬಾಯಿ, ಹತ್ತಿರ ಬಂದ ಮೇಲೆ ಅರಳುತ್ತದೆ. ಕಾರ್ನೆಟ್‌ನದು ಮೌತ್‌ಪೀಸ್ ಕಡೆ ಕಿರಿದಾಗಿ ಶುರುವಾಗಿ, ವಾಲ್ವ್‌ಗಳ ಜಾಗ ಬಿಟ್ಟರೆ ಮಿಕ್ಕ ಕಡೆಯೆಲ್ಲ ಸ್ವಲ್ಪಸ್ವಲ್ಪವೇ ಅಗಲವಾಗುತ್ತ ಹೋಗುತ್ತದೆ. ಓಲಗದ ನಾಗಸ್ವರದ ಒಡಲು ಮೇಲಿನಿಂದ ಕೆಳಕ್ಕೆ ಹಿಗ್ಗುತ್ತ ಹೋಗುವುದನ್ನು ನೆನೆಸಿಕೊಳ್ಳಿ, ಆಕಾರ ಕಣ್ಣಿಗೆ ಬರುತ್ತದೆ. ಇದರಿಂದ ಸ್ವರದ ಅಂಚು ಮೆತ್ತಗಾಗುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಸಲೀಸಾಗುತ್ತದೆ.

ಜಾಝ್ ಹುಟ್ಟಿದ್ದೇ ಕಾರ್ನೆಟ್ ಜೊತೆ. ನ್ಯೂ ಆರ್ಲಿಯನ್ಸ್‌ನ ಬಡ್ಡಿ ಬೋಲ್ಡನ್, ಆತನ ನಂತರ ಕಿಂಗ್ ಆಲಿವರ್ ಇಬ್ಬರೂ ಕಾರ್ನೆಟ್ ವಾದಕರು. 1922ರಲ್ಲಿ ಆಲಿವರ್ ಕರೆಸಿಕೊಂಡು ಲೂಯಿ ಆರ್ಮ್‌ಸ್ಟ್ರಾಂಗ್ ಷಿಕಾಗೋಗೆ ಹೋದಾಗ ಕೈಯಲ್ಲಿದ್ದದ್ದು ಕಾರ್ನೆಟ್ಟೇ. 1920ರ ದಶಕದ ಮಧ್ಯದಲ್ಲಿ ಅವರು ಟ್ರಂಪೆಟ್‌ಗೆ ಬದಲಾದರು. ದೊಡ್ಡ ಬ್ಯಾಂಡುಗಳ ಕಾಲ ಬಂತು, ಜೋರು ಬೇಕಾಯಿತು, ಮಿಕ್ಕವರೂ ಅದೇ ದಾರಿ ಹಿಡಿದರು. ಕಾರ್ನೆಟ್ ಬಿಡದವರಲ್ಲಿ ಬಿಕ್ಸ್ ಬೈಡರ್‌ಬೆಕ್, ಡ್ಯೂಕ್ ಎಲಿಂಗ್ಟನ್ ತಂಡದ ರೆಕ್ಸ್ ಸ್ಟೀವರ್ಟ್, ಬಾಬಿ ಹ್ಯಾಕೆಟ್, ರೂಬಿ ಬ್ರಾಫ್, ಆಮೇಲೆ ನ್ಯಾಟ್ ಆಡರ್ಲಿ ಇದ್ದಾರೆ. ಇವರನ್ನು ಕೇಳಿದರೆ ಕಾರ್ನೆಟ್ ಉಳಿಸಿಕೊಂಡದ್ದು ಯಾಕೆ ಎಂದು ಗೊತ್ತಾಗುತ್ತದೆ. ಕಿವಿಯ ಪಕ್ಕ ಕೂತು ಮಾತಾಡಿದಂಥ ಸ್ವರ ಅದು. ಜೋರೇ ಬೇಕೆನ್ನುವವರು ಟ್ರಂಪೆಟ್ ಕೊಳ್ಳಲಿ, ತಲೆನೋವು ತಪ್ಪುತ್ತದೆ.

ಈಗ ಪರೀಕ್ಷೆಗೆ ಬರೋಣ. ವಾದ್ಯವನ್ನು ಹತ್ತು ನಿಮಿಷ ಊದಿ ಬಿಸಿ ಮಾಡಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ತಣ್ಣಗಿರುವ ಹಿತ್ತಾಳೆ ಶ್ರುತಿಯಲ್ಲಿ ಇಳಿದೇ ಇರುತ್ತದೆ, ಅದು ವಾದ್ಯದ ತಪ್ಪಲ್ಲ. ಆಮೇಲೆ ಪಾಶ್ಚಾತ್ಯ ಸ್ವರಲಿಪಿಯ ಎರಡನೇ ಗೆರೆಯ ಜಿ ಹಿಡಿಯಿರಿ, ಯಾವ ವಾಲ್ವನ್ನೂ ಒತ್ತದೆ. ನಾಲಿಗೆ ತಾಗಿಸದೆ ಬರೀ ಉಸಿರಿನಿಂದ, ತೊಟ್ಟಿಲಲ್ಲಿ ಮಲಗಿದ ಮಗು ಏಳದಷ್ಟು ಮೆಲ್ಲಗೆ ಶುರುಮಾಡಿ. ಸ್ವರ ಹುಟ್ಟುವ ಮೊದಲು ‘ಸ್ಸ್’ ಎಂದು ಬರೀ ಗಾಳಿ ಎಷ್ಟು ಹೊತ್ತು ಹೋಗುತ್ತದೆ ನೋಡಿ. ಒಳ್ಳೆಯ ಕಾರ್ನೆಟ್‌ನಲ್ಲಿ ಉಸಿರು ಹೊರಟ ಕೂಡಲೇ ಸ್ವರವೂ ಹೊರಡುತ್ತದೆ. ಎಂಟು ಸೆಕೆಂಡ್ ಹಿಡಿದು, ಇನ್ನೂ ಮೆಲ್ಲಗೆ ಮಾಡುತ್ತ ಇಲ್ಲವಾಗಿಸಿ. ಕೊನೆಯಲ್ಲಿ ಸ್ವರ ತಟ್ಟನೆ ಕಡಿದುಬಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅನುಮಾನ ಇಟ್ಟುಕೊಳ್ಳಿ.

ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಜಿಯಿಂದ ಅರ್ಧರ್ಧ ಸ್ವರ ಇಳಿಯುತ್ತ ವಾದ್ಯದ ತೀರಾ ಕೆಳಗಿನ ಎಫ್ ಶಾರ್ಪ್‌ವರೆಗೆ, ಪ್ರತಿಯೊಂದನ್ನೂ ಅಷ್ಟೇ ಮೆಲ್ಲಗೆ ಊದಿ. ಒತ್ತದ ಸ್ವರಗಳು ಚೊಕ್ಕವಾಗಿದ್ದು, ಒಂದನೇ ವಾಲ್ವ್ ಒತ್ತಿದವು ಮಾತ್ರ ಮಂಕಾದರೆ ದೋಷ ಅಲ್ಲೇ ಇದೆ. ಎಲ್ಲ ಸ್ವರವೂ ಒಂದೇ ಸಮ ಮಂಕಾಗಿದ್ದರೆ ಉಗುಳು ನೀರು ಬಿಡುವ ವಾಟರ್ ಕೀ ನೋಡಿ. ಸ್ವರ ಹಿಡಿದಿರುವಾಗಲೇ ಜೊತೆಯವರಿಂದ ಆ ಕೀಯ ಕಾರ್ಕನ್ನು ಬೆರಳಲ್ಲಿ ಗಟ್ಟಿಯಾಗಿ ಒತ್ತಿಸಿ. ಒತ್ತಿದಾಗ ದನಿ ತಿಳಿಯಾಗಿ, ಬಿಟ್ಟಾಗ ಮತ್ತೆ ಮಂಕಾದರೆ ಸಾವಿರಾರು ರೂಪಾಯಿಯ ವಾದ್ಯವನ್ನು ಕೆಡಿಸುತ್ತಿರುವುದು ಕಡಲೆಕಾಳಿನಷ್ಟು ಕಾರ್ಕು. ಹೊಸದು ಅಂಟಿಸಿದರೆ ಮುಗಿಯಿತು. ಇಂಥ ವಾದ್ಯವನ್ನು ಬಿಡಬೇಡಿ, ಮಾರುವವರಿಗೂ ಕಾರಣ ಗೊತ್ತಿಲ್ಲದಿದ್ದರೆ ಚೌಕಾಸಿಗೂ ಅನುಕೂಲ.

ಜಾಝ್‌ಗೇ ಬೇಕಾದ ಪರೀಕ್ಷೆ ಇನ್ನೊಂದಿದೆ. ಮೂರನೇ ಮನೆಯ ಸಿ ಹಿಡಿದು, ಬೆರಳು ಅಲ್ಲಾಡಿಸದೆ ತುಟಿಯಿಂದಲೇ ಅರ್ಧ ಸ್ವರ ಕೆಳಕ್ಕೆ ಬಗ್ಗಿಸಿ, ಮತ್ತೆ ಮೇಲಕ್ಕೆ ತನ್ನಿ. ಸ್ವರ ಆಣಿ ಹೊಡೆದ ಹಾಗೆ ಅಲುಗದೆ ಇದ್ದರೆ ಅದು ಸಿಂಫನಿಗೆ ಒಳ್ಳೆಯ ವಾದ್ಯ, ನಿಮಗಲ್ಲ. ಬಗ್ಗಿಸುವ ಮೊದಲೇ ಜಾರಿಬಿದ್ದರೆ ಯಾರಿಗೂ ಅಲ್ಲ. ಬಗ್ಗಬೇಕು, ಕರೆದಾಗ ವಾಪಸ್ ಬರಬೇಕು. ಇನ್ನು ವಾಲ್ವನ್ನು ಅರ್ಧ ಮಾತ್ರ ಒತ್ತಿ ಜಿಯಿಂದ ಸಿಗೆ ಜಾರಿಸಿ. ರೆಕ್ಸ್ ಸ್ಟೀವರ್ಟ್ ಹೆಸರು ಮಾಡಿದ್ದು ಈ ಅರ್ಧ ವಾಲ್ವ್ ಕೆಲಸದಿಂದ. ಗಮಕ ಕೇಳಿ ಬೆಳೆದ ಕಿವಿಗೆ ಇದು ಬೇಗ ಹತ್ತುತ್ತದೆ, ಆ ವಿಷಯದಲ್ಲಿ ನಮ್ಮ ವಾದಕರು ಒಂದು ಹೆಜ್ಜೆ ಮುಂದೆಯೇ ಇದ್ದಾರೆ.

ವಾಲ್ವ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬೆಲ್ ಫಳಫಳ ಹೊಳೆಯುತ್ತಿದ್ದು ವಾಲ್ವ್ ಸವೆದಿರುವ ಕಾರ್ನೆಟ್ ಅಂದರೆ ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಒಳ್ಳೆಯ ವಾದ್ಯದಲ್ಲಿ ವಾಲ್ವ್ ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್‌ಗೂ ಅದರ ಕೋಶಕ್ಕೂ ನಡುವಿನ ಸಂದು ಸುಮಾರು 0.03 ಮಿಲಿಮೀಟರ್, ಅಂದರೆ ತಲೆಗೂದಲಿನ ಅರ್ಧದಷ್ಟೂ ಇಲ್ಲ. ಇದು ಎರಡರಷ್ಟಾದರೂ ಮೆಲ್ಲಗೆ ಊದುವುದು ಕಷ್ಟವಾಗುತ್ತದೆ. ನೋಡುವ ಬಗೆ ಹೀಗೆ. ಪಿಸ್ಟನ್ ಹೊರತೆಗೆದು ಹಳೆಯ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ. ಸವೆತ ಮುಚ್ಚಲು ದಪ್ಪ ಎಣ್ಣೆ ಹಾಕಿ ಮಾರುವುದು ಹಳೇ ಚಾಳಿ, ಆದ್ದರಿಂದ ಈ ಕೆಲಸ ಬಿಡಬೇಡಿ. ತೆಳು ವಾಲ್ವ್ ಎಣ್ಣೆ ಎರಡು ಮೂರು ಹನಿ ಹಾಕಿ, ಪಿಸ್ಟನ್ನನ್ನು ಅದರದೇ ಕೋಶಕ್ಕೆ ಇಳಿಸಿ. 1, 2, 3 ಎಂಬ ಅಂಕಿ ಪಿಸ್ಟನ್ ಮೇಲೇ ಕೊರೆದಿರುತ್ತದೆ. ಈಗ ಬೆರಳು ಒತ್ತದೆ ಮೂರನೇ ಸ್ಲೈಡನ್ನು, ಅಂದರೆ ಮೂರನೇ ವಾಲ್ವಿಗೆ ಸೇರಿದ ಜಾರುವ ಕೊಳವೆಯನ್ನು, ಎರಡು ಸೆಂಟಿಮೀಟರ್ ಹೊರಕ್ಕೆ ಎಳೆದು ಐದು ಸೆಕೆಂಡ್ ಕಾದು, ಮೂರನೇ ವಾಲ್ವ್ ಒತ್ತಿ. ‘ಪಟ್’ ಎಂದು ಶಬ್ದ ಬಂದರೆ ಒಳಗೆ ಗಾಳಿ ನುಸುಳಿಲ್ಲ. ಶಬ್ದವೇ ಬರದಿದ್ದರೆ ವಾಲ್ವೋ ಸ್ಲೈಡೋ ಸೋರುತ್ತಿದೆ. ಸ್ಲೈಡ್‌ಗೆ ಗ್ರೀಸ್ ಹಚ್ಚಿ ಮತ್ತೊಮ್ಮೆ ನೋಡಿ, ಆಗಲೂ ಬರದಿದ್ದರೆ ತಪ್ಪು ವಾಲ್ವಿನದು. ಮೂರಕ್ಕೂ ಹೀಗೆ ಮಾಡಿ. ಸವೆದ ಪಿಸ್ಟನ್‌ಗೆ ಮತ್ತೆ ಲೋಹ ಲೇಪಿಸಿ ಕೋಶಕ್ಕೆ ಕೂರುವಂತೆ ಉಜ್ಜಿ ಹೊಂದಿಸಬೇಕು. ಆ ಕೆಲಸ ಗೊತ್ತಿರುವವರು ನಮ್ಮ ಕಡೆ ಸಿಗುವುದು ದುರ್ಲಭ, ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು. ವಾಲ್ವ್ ಸವೆದಿದ್ದರೆ ಎದ್ದು ಬನ್ನಿ.

ಆದರೆ ವಾಲ್ವ್ ರಂಧ್ರ ನೇರಕ್ಕೆ ಕೂತಿಲ್ಲದಿರುವುದು ಬೇರೆ ವಿಷಯ. ಎರಡನೇ ಸ್ಲೈಡ್ ಪೂರ್ತಿ ತೆಗೆದು, ಆ ವಾಲ್ವ್ ಒತ್ತಿ ಹಿಡಿದು, ಮೊಬೈಲ್ ಟಾರ್ಚ್ ಬಿಟ್ಟು ಕೊಳವೆಯೊಳಗೆ ಇಣುಕಿ. ಪಿಸ್ಟನ್‌ನ ರಂಧ್ರ ಪೂರ್ಣ ದುಂಡಗೆ ಕಾಣಬೇಕು. ಅಂಚಿನಲ್ಲಿ ಬಿದಿಗೆ ಚಂದ್ರನ ಹಾಗೆ ಲೋಹ ಕಂಡರೆ ವಾಲ್ವಿನ ಮೇಲಿನ ಫೆಲ್ಟ್, ಅಂದರೆ ಮೆತ್ತನೆಯ ಬಿಲ್ಲೆ, ಕುಗ್ಗಿದೆ ಅಥವಾ ಯಾರೋ ತಪ್ಪು ದಪ್ಪದ್ದು ಹಾಕಿದ್ದಾರೆ. ಫೆಲ್ಟ್ ಬದಲಾಯಿಸಿದರೆ ಸರಿಹೋಗುತ್ತದೆ, ಖರ್ಚೂ ಕಡಿಮೆ.

ಇನ್ನು ಮೌತ್‌ಪೀಸ್. ಕಾರ್ನೆಟ್ ಕಾರ್ನೆಟ್ ಆಗಿ ಕೇಳುವುದರಲ್ಲಿ ಅರ್ಧ ಪಾಲು ಇದರದ್ದು. ಬಟ್ಟಲು ಆಳವಾಗಿ, ತಳದಲ್ಲಿ ಆಲಿಕೆಯ ಹಾಗೆ ಇಳಿಜಾರಾಗಿದ್ದರೆ ದನಿ ದುಂಡಗೆ, ಮೆತ್ತಗೆ ಬರುತ್ತದೆ. ಬಟ್ಟಲು ಆಳವಿಲ್ಲದೆ ಚಪ್ಪಟೆಯಾಗಿದ್ದರೆ ಎಂಥ ಒಳ್ಳೆ ಕಾರ್ನೆಟ್ಟೂ ಗಿಡ್ಡ ಟ್ರಂಪೆಟ್ ಆಗಿಬಿಡುತ್ತದೆ. ಬ್ಯಾಕ್ ಕಂಪನಿಯ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟು ಬಟ್ಟಲಿನ ಅಗಲ ಜಾಸ್ತಿ. ಅಕ್ಷರ ಎ ಇದ್ದರೆ ಬಹಳ ಆಳ, ಸಿ ಮಧ್ಯಮ, ಇ ತೀರಾ ಕಡಿಮೆ. ಅಕ್ಷರವೇ ಇಲ್ಲದೆ ಬರೀ 6 ಅಂತಿದ್ದರೆ ಸಿಗಿಂತ ಆಳ. ಡೆನಿಸ್ ವಿಕ್ ಕಂಪನಿಯದರಲ್ಲಿ ಬರೀ 4 ಆಳದ್ದು, 4ಬಿ ಅದಕ್ಕಿಂತ ಆಳ ಕಡಿಮೆಯದ್ದು. ಸಣ್ಣ ಜಾಝ್ ತಂಡಕ್ಕೆ, ಅಂದರೆ ಡ್ರಮ್ಸ್, ಬಾಸ್, ಕೀಬೋರ್ಡ್, ಒಂದು ಸ್ಯಾಕ್ಸ್ (ಸ್ಯಾಕ್ಸೋಫೋನ್) ಇರುವ ಕಡೆಗೆ, ಬ್ಯಾಕ್ 6 ಅಥವಾ ವಿಕ್ 4ಬಿಯಿಂದ ಶುರುಮಾಡುವುದು ಒಳ್ಳೆಯದು. ಪೂರ್ತಿ ಆಳದ್ದು ಒಬ್ಬರೇ ನುಡಿಸುವಾಗ ಸೊಗಸು, ಸ್ಯಾಕ್ಸ್ ಪಕ್ಕ ನಿಂತರೆ ಕೇಳುವುದೇ ಇಲ್ಲ.

‘ಟ್ರಂಪೆಟ್ ಮೌತ್‌ಪೀಸನ್ನೇ ಹಾಕಬಹುದಾ ಸರ್?’ ಎಂದು ಒಬ್ಬರು ಕೇಳಿದರು. ಹೋಗುವುದಿಲ್ಲ. ಟ್ರಂಪೆಟ್‌ನದು ಉದ್ದ, ಕಾಲು, ಅಂದರೆ ವಾದ್ಯದೊಳಗೆ ತೂರುವ ಭಾಗ, ದಪ್ಪ. ಕಾರ್ನೆಟ್‌ನದು ಗಿಡ್ಡ, ಕಾಲು ಸಣ್ಣ. ಅಡಾಪ್ಟರ್ ಹಾಕಿ ಕೂರಿಸಿದರೆ ಕೂರುತ್ತದೆ, ಆದರೆ ಮೇಲಿನ ಸ್ವರಗಳ ಶ್ರುತಿ ದಿಕ್ಕು ತಪ್ಪುತ್ತದೆ. ಕಾರ್ನೆಟ್ ಮೌತ್‌ಪೀಸ್ ಆದರೂ ಸರಿಯಾಗಿ ಕೂತಿದೆಯೇ ನೋಡಬೇಕು. ಮೆಲ್ಲಗೆ ಒಳಗಿಟ್ಟು ತುಸು ತಿರುಗಿಸಿದರೆ ಅಲುಗಾಡಬಾರದು, ಎರಡರಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಹೋಗಿರಬೇಕು. ಎಟಿಎಂ ರಸೀದಿ ಕಾಗದವನ್ನು ಕಾಲಿಗೆ ಒಂದೇ ಒಂದು ಸುತ್ತು ಸುತ್ತಿ ಹಾಕಿ ನೋಡಿ, ಮೌತ್‌ಪೀಸ್ ಸುಮಾರು 2 ಮಿಲಿಮೀಟರ್ ಹೊರಕ್ಕೆ ಬರುತ್ತದೆ. ಅಷ್ಟರಲ್ಲೇ ಮೇಲಿನ ಜಿ, ಎ ಸ್ವರಗಳು ಸಲೀಸಾದರೆ ಕಾಲಿನ ಅಳತೆ ನಿಮ್ಮ ವಾದ್ಯಕ್ಕೆ ಹೊಂದುತ್ತಿಲ್ಲ ಎಂದರ್ಥ. ವಾದ್ಯವನ್ನು ಬೈಯುವ ಮೊದಲು ಮೌತ್‌ಪೀಸ್ ಬದಲಿಸಿ.

ಶ್ರುತಿ ನೋಡಲು ಫೋನಿನ ಟ್ಯೂನರ್ ಸಾಕು, ಆದರೆ ಫೋನು ಬೇರೆಯವರ ಕೈಯಲ್ಲಿರಲಿ. ಮುಳ್ಳು ಕಣ್ಣಿಗೆ ಬಿದ್ದರೆ ತುಟಿ ತಾನೇ ತಿದ್ದಿಕೊಳ್ಳುತ್ತದೆ. ನೀವು ಸಿ ಊದಿದರೆ ಟ್ಯೂನರ್ ಬಿ ಫ್ಲ್ಯಾಟ್ ತೋರಿಸುತ್ತದೆ, ಅದೇ ಸರಿ. ಮೇಲಿನ ಮನೆಯ ಇ ಸ್ವಭಾವತಃ 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿದಿರುತ್ತದೆ, ಅದಕ್ಕೆ ವಾದ್ಯವನ್ನು ದೂರಬೇಡಿ. ನೋಡಬೇಕಾದ್ದು ಕೆಳಗಿನ ಡಿ ಮತ್ತು ಸಿ ಶಾರ್ಪ್. ಒಂದನೇ ವಾಲ್ವ್ ಕೊಳವೆಗೆ ಸುಮಾರು 12 ಶೇಕಡಾ ಉದ್ದ ಕೂಡಿಸುತ್ತದೆ, ಮೂರನೆಯದು 19 ಶೇಕಡಾ. ಎರಡನ್ನೂ ಒತ್ತಿದರೆ 31. ಡಿಗೆ ಬೇಕಾದ್ದು 33.5. ಆ ಕೊರತೆಯಿಂದ ಸ್ವರ ಸುಮಾರು 30 ಸೆಂಟ್ ಏರುತ್ತದೆ. ಮೂರೂ ಒತ್ತಿದ ಸಿ ಶಾರ್ಪ್ 50 ಸೆಂಟ್‌ವರೆಗೆ, ಅಂದರೆ ಕಾಲು ಸ್ವರ, ಏರುತ್ತದೆ. ಮೂರನೇ ಸ್ಲೈಡ್ ಅನ್ನು ಡಿಗೆ ಒಂದೂವರೆ, ಸಿ ಶಾರ್ಪ್‌ಗೆ ಮೂರು ಸೆಂಟಿಮೀಟರ್‌ವರೆಗೆ ಜಾರಿಸಿದರೆ ಲೆಕ್ಕ ಸರಿಹೋಗುತ್ತದೆ. ಎಷ್ಟೋ ತಯಾರಕರು ಮೂರನೇ ಸ್ಲೈಡನ್ನು ಮೊದಲೇ ತುಸು ಉದ್ದ ಮಾಡಿರುತ್ತಾರೆ, ಆಗ ಇನ್ನೂ ಕಡಿಮೆ ಸಾಕು. ಈ ಸ್ಲೈಡ್‌ಗೆ ಬೆರಳು ತೂರಿಸುವ ಉಂಗುರ ಇರಬೇಕು, ಒಂದು ಬೆರಳಿನ ತಳ್ಳಿಗೆ ಜಾರಬೇಕು. ಉಂಗುರವಿದ್ದೂ ಸ್ಲೈಡ್ ಕಚ್ಚಿಕೊಂಡು ಕೂತಿರುವ ಕಾರ್ನೆಟ್ಟುಗಳೇ ಹೆಚ್ಚು.

ಹಳೆಯ ವಾದ್ಯ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಕಡೆ ಯಾರದಾದರೂ ಮನೆಯ ಅಟ್ಟದಲ್ಲಿ ಇಂಗ್ಲೆಂಡಿನ ಹಳೇ ಕಾರ್ನೆಟ್ ಸಿಕ್ಕರೆ ಕುಣಿದಾಡುವ ಮೊದಲು ಟ್ಯೂನರ್ ಹಿಡಿಯಿರಿ. ಇಂಗ್ಲೆಂಡಿನ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ ಹೈ ಪಿಚ್‌ನಲ್ಲೇ ನುಡಿಸುತ್ತಿದ್ದವು. ಅಲ್ಲಿ ಎ ಅಂದರೆ 452 ಹರ್ಟ್ಜ್‌ನ ಆಸುಪಾಸು, ನಿಮ್ಮ ಕೀಬೋರ್ಡ್‌ನಲ್ಲಿ 440. ವ್ಯತ್ಯಾಸ ಹತ್ತಿರ ಹತ್ತಿರ ಕಾಲು ಸ್ವರ. ಶ್ರುತಿ ಹೊಂದಿಸುವ ಮುಖ್ಯ ಸ್ಲೈಡನ್ನು ಎರಡು ಸೆಂಟಿಮೀಟರ್ ಎಳೆದರೆ ಒತ್ತದ ಸ್ವರಗಳು ಸರಿಯಾಗುತ್ತವೆ, ವಾಲ್ವ್ ಒತ್ತಿದ ಕೂಡಲೇ ಮತ್ತೆ ಏರುತ್ತವೆ, ಯಾಕೆಂದರೆ ವಾಲ್ವ್ ಕೊಳವೆಗಳೂ ಹೈ ಪಿಚ್‌ಗೇ ಅಳೆದು ಮಾಡಿದವು. ಗಾಜಿನ ಬೀರುವಿನಲ್ಲಿಡಲು ಚೆಂದ, ತಂಡಕ್ಕೆ ಬೇಡ. ಅಮೆರಿಕದ ಕಾನ್ ಕಂಪನಿಯ ಹಳೆಯ ವಾದ್ಯಗಳಲ್ಲಿ ಸೀರಿಯಲ್ ನಂಬರ್ ಹತ್ತಿರ ಎಲ್ ಎಂಬ ಅಕ್ಷರ ಇದ್ದರೆ ಲೋ ಪಿಚ್, ಕೊಳ್ಳಬಹುದು. ಎಚ್ ಇದ್ದರೆ ಬೇಡ.

ಹಳೆಯದರಲ್ಲಿ ಇನ್ನೊಂದು ಕಾಯಿಲೆ ಹಿತ್ತಾಳೆಯೊಳಗಿನ ಸತು ಕರಗಿಹೋಗುವುದು. ಉಗುಳಿನ ತೇವ ನಿಲ್ಲುವ ಮೊದಲ ಕೊಳವೆಯಲ್ಲೇ ಹೆಚ್ಚು. ಹೊರಗೆ ನಸುಗೆಂಪು ಚುಕ್ಕೆ, ಅದರ ನಡುವೆ ಕಪ್ಪು ಬೊಟ್ಟು ಕಂಡರೆ ಒಳಗಿನಿಂದಲೇ ತಿಂದು ಬಂದಿದೆ. ಬೆಲ್ ಮೇಲಿನ ನೆಗ್ಗು ನೋಡಲು ಚೆಂದವಿಲ್ಲ ಅಷ್ಟೇ. ಮೌತ್‌ಪೀಸ್ ಕಡೆಯ ಮೊದಲ ಕೊಳವೆಯಲ್ಲಿನ ನೆಗ್ಗು ಸ್ವರವನ್ನೇ ಕೆಡಿಸುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ಆಕಾರದಲ್ಲಿ ಎರಡು ಬಗೆ. ಕುರಿಗಾಹಿಯ ಕೋಲಿನ ತುದಿಯ ಹಾಗೆ ಬೆಲ್ ಕೊಳವೆ ದುಂಡಗೆ ಬಾಗಿರುವ ಗಿಡ್ಡ ಕಾರ್ನೆಟ್ ಒಂದು, ಟ್ರಂಪೆಟ್‌ನಂತೆ ನೀಳವಾದ ಅಮೆರಿಕನ್ ಮಾದರಿ ಇನ್ನೊಂದು. ಸಣ್ಣ ತಂಡದ ಜಾಝ್‌ಗೆ, ನನ್ನ ಮಟ್ಟಿಗೆ, ಕೊಳವೆ ಅಗಲ 11.5ರಿಂದ 11.7 ಮಿಲಿಮೀಟರ್ ಇರುವ ಅಮೆರಿಕನ್ ಮಾದರಿಯೇ ವಾಸಿ. ಕಡಿಮೆ ಉಸಿರಿಗೆ ಮಾತಾಡುತ್ತದೆ, ಸ್ಯಾಕ್ಸ್ ಪಕ್ಕ ಕಳೆದುಹೋಗುವುದಿಲ್ಲ. ಬೆಸನ್ ಸಾವರಿನ್‌ನಂಥ ಇಂಗ್ಲಿಷ್ ಕಾರ್ನೆಟ್ ಬ್ರಾಸ್ ಬ್ಯಾಂಡ್‌ಗೆ ಹೇಳಿ ಮಾಡಿಸಿದ್ದು. ಅದರ ಗಾಢ ದನಿ ಡ್ರಮ್ಸ್ ಮುಂದೆ ಮುಳುಗುತ್ತದೆ. ಹೊಸದರಲ್ಲಿ ಗೆಟ್ಜನ್ ಎಟರ್ನಾ, ಬ್ಯಾಕ್ ಸ್ಟ್ರಾಡಿವೇರಿಯಸ್, ಯಮಾಹಾದ ಮೇಲ್ದರ್ಜೆಯವು ನಂಬಿಕೆಗೆ ಅರ್ಹ. ಬ್ಯಾಕ್ 184 ಬಾಗಿದ ಮಾದರಿಯಾದರೂ ದನಿಯಲ್ಲಿ ಇಂಗ್ಲಿಷಿನವಷ್ಟು ಭಾರ ಅಲ್ಲ. ಬಜೆಟ್ ಕಡಿಮೆಯಿದ್ದರೆ ಅಮೆರಿಕದ ಹಳೆಯವು: ಓಲ್ಡ್ಸ್ ಅಂಬಾಸಡರ್, ಕಾನ್ ವಿಕ್ಟರ್, ತಾಮ್ರದ ಬೆಲ್ ಇರುವ ಕಾನ್ ಡೈರೆಕ್ಟರ್, ಕಿಂಗ್ ಕಂಪನಿಯವು. ಓಲ್ಡ್ಸ್ ಕಂಪನಿ 1979ರಲ್ಲೇ ಮುಚ್ಚಿತು, ವಾದ್ಯಗಳು ಇನ್ನೂ ಗಟ್ಟಿಮುಟ್ಟಾಗಿವೆ. ಅಲ್ಲಿನ ಶಾಲಾ ಬ್ಯಾಂಡುಗಳು ಟ್ರಂಪೆಟ್‌ಗೆ ಹೋದದ್ದರಿಂದ ಅದೇ ದರ್ಜೆಯ ಟ್ರಂಪೆಟ್‌ಗಿಂತ ಕಾರ್ನೆಟ್ ಅಗ್ಗಕ್ಕೆ ಸಿಗುತ್ತದೆ. ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಬೆಲ್ ಹಳದಿ ಹಿತ್ತಾಳೆಯೋ ಕೆಂಪೋ, ಬೆಳ್ಳಿ ಲೇಪವೋ ಎಂಬ ಚರ್ಚೆ ಚಹಾ ಅಂಗಡಿಗೆ ಬಿಡಿ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಿಯಾದ ಮೇಲೆ ಅದು.

ಮೀರತ್‌ನದು ಆಗುವುದಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿನ ಜಾಲಿ ಕೋಠಿಯ ಕುಶಲಕರ್ಮಿಗಳೇ ದೇಶದ ಬ್ಯಾಂಡ್‌ಸೆಟ್‌ಗಳನ್ನು ತಲೆಮಾರುಗಳಿಂದ ಸಾಕಿದ್ದಾರೆ. ಮೆರವಣಿಗೆಗೆ ಧಾರಾಳವಾಗಿ ಆಗುತ್ತದೆ. ಒಂದೇ ಮಾದರಿಯ ಎರಡು ಪೀಸಿನಲ್ಲೂ ವಾಲ್ವ್ ಬಿಗಿ ಬೇರೆ ಬೇರೆ ಇರಬಹುದು. ಹಾಗಾಗಿ ಕೊಳ್ಳುವುದಾದರೆ ನಾಲ್ಕೈದು ಪೀಸ್ ಮುಂದಿಟ್ಟುಕೊಂಡು ಆ ‘ಪಟ್’ ಪರೀಕ್ಷೆ ಮಾಡಿ ಆರಿಸಿ.

ಕೊಂಡ ಮೇಲೆ ಕೆಡಿಸುವ ಮೂರು ಅಭ್ಯಾಸ ನಮ್ಮ ಕಡೆ ಇವೆ. ಒಂದು, ಹುಣಸೆಹಣ್ಣಿನಿಂದ ಉಜ್ಜುವುದು. ಚೊಂಬಿಗೆ ಸರಿ. ಕಾರ್ನೆಟ್‌ನಲ್ಲಿ ಹುಳಿ ಬೆಸುಗೆಯ ಸಂದಿಗಳಲ್ಲಿ ಉಳಿದು ಲೋಹ ತಿನ್ನುತ್ತದೆ, ಮೇಲಿನ ಲ್ಯಾಕರ್ ಲೇಪ ಹೋಗುತ್ತದೆ. ಎರಡು, ವಾಲ್ವ್‌ಗೆ ಕೊಬ್ಬರಿ ಎಣ್ಣೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ವಾಲ್ವ್‌ನೊಳಗೂ ಹೆಪ್ಪುಗಟ್ಟುತ್ತದೆ. ವಾಲ್ವ್ ಎಣ್ಣೆ ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ಎರಡು ದಿನ ನಡೆಯುತ್ತದೆ. ಮೂರು, ಬೋರ್‌ವೆಲ್ ನೀರಲ್ಲಿ ತೊಳೆಯುವುದು. ನಮ್ಮ ಜಿಲ್ಲೆಯ ನೀರು ಎಷ್ಟು ಗಡುಸು ಎಂಬುದು ತಲೆಗೆ ಸೋಪು ಹಚ್ಚಿದವರಿಗೆಲ್ಲ ಗೊತ್ತು. ಒಣಗಿದ ಮೇಲೆ ಬಿಳಿ ಪೊರೆ ಕೊಳವೆಯೊಳಗೇ ಉಳಿದು ಸ್ಲೈಡ್ ಕಚ್ಚುತ್ತದೆ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಕೊನೆಯ ಜಾಲಾಟಕ್ಕೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಕುದಿ ನೀರು ಲ್ಯಾಕರನ್ನು ಎಬ್ಬಿಸುತ್ತದೆ.

ಕೊನೆಯ ಪ್ರಶ್ನೆ ಮ್ಯೂಟ್ ಬಗ್ಗೆ, ಅಂದರೆ ದನಿ ಬದಲಿಸಲು ಬೆಲ್ಲಿಗೆ ತುರುಕುವ ಅಥವಾ ಹಿಡಿಯುವ ಸಾಧನದ ಬಗ್ಗೆ. ಟ್ರಂಪೆಟ್ ಮ್ಯೂಟ್ ಕಾರ್ನೆಟ್ ಬೆಲ್ಲಿಗೆ ಸರಿಯಾಗಿ ಕೂರುವುದಿಲ್ಲ, ಕಾರ್ಕ್ ಉಜ್ಜಿ ಹೊಂದಿಸಬೇಕು. ಕಿಂಗ್ ಆಲಿವರ್ ಲೋಟ, ಬಾಟಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಬೆಲ್ಲಿಗೆ ಹಿಡಿದು ‘ವ್ಹಾ ವ್ಹಾ’ ಅನ್ನಿಸಿದವರು. ನಿಮಗೆ ಹಾರ್ಡ್‌ವೇರ್ ಅಂಗಡಿಯ ಸಿಂಕ್ ಬ್ಲಾಕ್ ತೆಗೆಯುವ ರಬ್ಬರ್ ಬಟ್ಟಲು ಸಾಕು. ಅಗಲ 10ರಿಂದ 12 ಸೆಂಟಿಮೀಟರ್ ಇರಲಿ, ಕೋಲು ಬಿಚ್ಚಿಬಿಡಿ. ಬಟ್ಟಲಿನ ಒಂದು ಅಂಚನ್ನು ಬೆಲ್ಲಿನ ಅಂಚಿಗೆ ತಾಗಿಸಿಟ್ಟು, ಬಾಗಿಲು ತೆರೆದು ಮುಚ್ಚಿದ ಹಾಗೆ ಮಣಿಕಟ್ಟಿನಿಂದ ಆಡಿಸಿ. ಪೂರ್ತಿ ಮುಚ್ಚಿದರೆ ಶ್ರುತಿ ಏರುತ್ತದೆ, ಒಂದು ಬೆರಳಗಲ ಸಂದು ಬಿಡಿ.